ಅಜಮ್ಮೂರಿನ ಗಂಟೆಗಳ್ಳ

ನಮ್ಮ ಅಜಮ್ಮೂರಿನಲ್ಲಿ ಯಾರಾದರೂ "ನಾಳೆ ಐದು ಗಂಟೆಗೆ ಚಹಾಕ್ಕೆ ಬನ್ನಿ" ಎಂದರೆ ಅದು ಅರ್ಧ ಆಹ್ವಾನ ಮಾತ್ರ. "ಹಳೇ ಐದೋ, ಹೊಸ ಐದೋ?" ಎಂದು ಕೇಳಿ ಉತ್ತರ ಪಡೆದ ಮೇಲೆಯೇ ಅದು ಪೂರ್ತಿಯಾಗುವುದು. ಸರ್ಕಾರ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿ ವರ್ಷಗಳೇ ಆದವು. ರಂಜಾನ್ ಬಂದಾಗ ಮಾತ್ರ ಆ ಒಂದು ತಿಂಗಳ ಮಟ್ಟಿಗೆ ಹಿಂದಕ್ಕೆ ತರುತ್ತದೆ. ಹಬ್ಬ ಮುಗಿಯುತ್ತಿದ್ದಂತೆ ಮತ್ತೆ ಮುಂದಕ್ಕೆ. ಬಿಸಿಲು ಕಾಯಿಸುತ್ತ ಕೂರುವ ಮುದುಕರು ಹಳೇ ಗಂಟೆಯವರು, ಬ್ಯಾಂಕಿಗೆ ಓಡುವವರು ಹೊಸ ಗಂಟೆಯವರು. ನಾನು ದಿನಸಿ ಅಂಗಡಿಯವನು, ಎರಡೂ ಪಕ್ಷದವರಿಗೆ ಸಕ್ಕರೆ ಮಾರಬೇಕಾದವನು. ಆದ್ದರಿಂದ ನನ್ನ ಅಂಗಡಿಯಲ್ಲಿ ಗಡಿಯಾರವನ್ನೇ ಇಟ್ಟಿಲ್ಲ.

ಇಂಥ ಊರಿನಲ್ಲಿ ಬೂಶೈಬ್ ಆಡಿದ ಒಂದು ಮಾತು ಏನೇನು ಮಾಡಿತು ಎಂಬುದನ್ನು ಹೇಳುತ್ತೇನೆ. ನನ್ನ ಅಂಗಡಿಯಿಂದ ಮೂರನೇ ಬಾಗಿಲು ಅವನದು. ಐವತ್ತು ದಾಟಿದ ಒಳ್ಳೆಯ ಮನುಷ್ಯ, ಆದರೆ ಸದಾ ಏನನ್ನಾದರೂ ಮರೆತು ವಾಪಸ್ ಬರುವವನು. ರೊಟ್ಟಿ ಕೊಳ್ಳಲು ಬಂದು ಪುದೀನ ಕೊಂಡು ಹೋಗುತ್ತಾನೆ. ಪುದೀನ ಹಿಂದಿರುಗಿಸಲು ಬಂದು ಕೊಡೆ ಬಿಟ್ಟು ಹೋಗುತ್ತಾನೆ. ಅವನಿಗೆ ಪಕ್ಕದ ಅಲ್ ಜದೀದಾ ಪಟ್ಟಣದ ಒಂದು ಬಸ್ ಕಂಪನಿಯ ಕಚೇರಿಯಲ್ಲಿ ಕೆಲಸ. ಆ ಕಂಪನಿಯಲ್ಲಿ ಟಿಕೆಟ್ ಕೊಡುವ ಯಂತ್ರ ಹೊಸದು, ಕಾಸಾಬ್ಲಾಂಕಾ ನಿಲ್ದಾಣದ ಗೋಡೆಯ ಮೇಲೆ ಬಸ್ಸಿನ ವೇಳೆ ತೋರಿಸುವ ಬೋರ್ಡು ಹಳೆಯದು. ಒಂದಕ್ಕೆ ಹೇಳಿದ ಹಾಗೆ ಇನ್ನೊಂದಕ್ಕೆ ಹೇಳಿದರೆ ಅದಕ್ಕೆ ತಿಳಿಯುವುದಿಲ್ಲ. ದೇಶದ ಗಡಿಯಾರ ಹಿಂದೆ ಮುಂದೆ ಆದಾಗಲೆಲ್ಲ ಆ ಸಂಗತಿಯನ್ನು ಎರಡಕ್ಕೂ ಅವುಗಳದೇ ಭಾಷೆಯಲ್ಲಿ ತಿಳಿಸುವುದು ಬೂಶೈಬನ ಕೆಲಸ. ಎರಡು ಮನೆಗಳ ನಡುವೆ ಓಡಾಡುವ ಮದುವೆ ದಲ್ಲಾಳಿಯ ಕೆಲಸದಂಥದ್ದು ಎನ್ನಿ. ಆದರೆ ದಲ್ಲಾಳಿಗೆ ಊಟವಾದರೂ ಹಾಕುತ್ತಾರೆ.

ರಂಜಾನಿಗೆ ಇನ್ನೂ ಕೆಲವು ವಾರ ಇರುವಾಗ, ಕೋಟೆ ಬಾಗಿಲ ಪಕ್ಕದ ಕೆಫೆಯಲ್ಲಿ ನಾವೆಲ್ಲ ಕೂತಿದ್ದ ಒಂದು ಸಂಜೆ, ದರ್ಜಿ ಅಬ್ಬಾಸ್ ಅವನ ಹೆಸರಿಗೆ ಗೌರವದ 'ಸಿ' ಹಚ್ಚಿಯೇ ಕೆಣಕಿದ.

"ಸಿ ಬೂಶೈಬ್, ಇಷ್ಟು ವರ್ಷದಿಂದ ಬಸ್ ಕಂಪನೀಲಿದೀಯ. ಒಂದಿನಾನೂ ಬಸ್ ಓಡಿಸಿಲ್ಲ, ಟಿಕೆಟ್ ಹರಿದಿಲ್ಲ, ಟಯರಿಗೆ ಗಾಳಿ ಹೊಡೆದಿಲ್ಲ. ಅಲ್ಲಿ ಏನ್ ಮಾಡ್ತೀಯ ಅಂತ ನಮಗೂ ಸ್ವಲ್ಪ ಹೇಳಪ್ಪ."

"ಗಂಟೆ ಸರಿ ಮಾಡ್ತೀನಿ," ಅಂದ ಬೂಶೈಬ್.

"ಅದಕ್ಕೂ ಒಬ್ಬನ್ನ ಇಟ್ಕೊಂಡಿದಾರಾ? ನಮ್ಮನೇಲಿ ಆ ಕೆಲಸ ನಮ್ಮತ್ತೆ ಪುಕ್ಕಟೆ ಮಾಡ್ತಾಳೆ."

ಕೆಫೆಯೆಲ್ಲ ನಕ್ಕಿತು. ಭೂಗೋಳದ ನಿವೃತ್ತ ಮೇಷ್ಟ್ರು ಸಿ ಲಾರ್ಬಿ ಕೂಡ ನಕ್ಕರು. ಅವರು ಯಾವ ಮಾತಿಗೂ ನಗುವವರಲ್ಲ, ಅದಕ್ಕೇ ಬೂಶೈಬನಿಗೆ ಚುರುಕ್ಕೆಂದಿತು. ಲೋಟ ಕುಕ್ಕಿ ಎದ್ದು ನಿಂತ.

"ನಗಿ, ನಗಿ. ಬರೋ ರಂಜಾನಿಗೆ ಗಂಟೆ ಹಿಂದಕ್ಕೆ ಹೋಗುತ್ತಲ್ಲ, ಅದೇನು ತಾನಾಗೇ ಹೋಗುತ್ತೆ ಅಂದ್ಕೊಂಡಿದೀರಾ? ತಳ್ಳೋನು ನಾನು! ನಾನು ಒಂದು ಗುಂಡಿ ಒತ್ತೋದು ಮರೆತ್ರೆ ಅದು ಇದ್ದಲ್ಲೇ ಇರುತ್ತೆ. ತಿಳ್ಕೊಳಿ!"

'ನಮ್ಮ ಕಂಪನಿಯ ಯಂತ್ರಗಳಲ್ಲಿ' ಎಂದು ಸೇರಿಸಿದ್ದರೆ ಮಾತು ಅಕ್ಷರಶಃ ನಿಜವಾಗುತ್ತಿತ್ತು. ಸೇರಿಸಲಿಲ್ಲ. ಸಿಟ್ಟು ಬಂದಾಗ ಮನುಷ್ಯ ಮೊದಲು ನುಂಗುವುದೇ ಇಂಥ ಪದಗಳನ್ನು.

ಇದನ್ನು ನಂಬುವವರು ಯಾರು ಎಂದು ನೀವು ಕೇಳಬಹುದು. ಎಲ್ಲರೂ ನಂಬಿದರು. ನಮ್ಮ ಗಂಟೆಯನ್ನು ಯಾರು, ಯಾವ ಕೋಣೆಯಲ್ಲಿ ಕೂತು ಬದಲಾಯಿಸುತ್ತಾರೆ ಎಂದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುಖವೇ ಕಾಣದವನನ್ನು ಬೈದು ಬೈದು ಸಾಕಾಗಿದ್ದ ಜನಕ್ಕೆ ಒಂದು ಮುಖ ಸಿಕ್ಕಿತು, ಅದೂ ಮೂರನೇ ಬಾಗಿಲಿನಲ್ಲಿ ಸಿಕ್ಕಿತು. ಬೈಯುವುದಕ್ಕೂ ಬೇಡುವುದಕ್ಕೂ ಇಷ್ಟು ಹತ್ತಿರದ ವಿಳಾಸ ಯಾರಿಗೆ ಸಿಗುತ್ತದೆ?

ಮಾರನೇ ಬೆಳಿಗ್ಗೆ ಓಣಿಯ ರೊಟ್ಟಿಗಳನ್ನೆಲ್ಲ ಸುಟ್ಟುಕೊಡುವ ಒಲೆಮನೆಯ ಹಮ್ಮಾದಿ ಕೈಗೆ ಹಿಟ್ಟು ಮೆತ್ತಿಕೊಂಡೇ ಬಂದ.

"ಸಿ ಬೂಶೈಬ್, ಹೇಗಿದ್ರೂ ತಳ್ತೀಯ. ಒಂದರ ಬದಲು ಒಂದೂವರೆ ತಳ್ಳಿಬಿಡು. ರಂಜಾನಿನಲ್ಲಿ ನಾನು ಕಣ್ತುಂಬ ನಿದ್ದೆ ಮಾಡಿ ಎಷ್ಟು ವರ್ಷ ಆಯ್ತು ಗೊತ್ತಾ?"

"ಅಯ್ಯೋ ಹಮ್ಮಾದಿ, ಅದು ನನ್ನ ಕೈಲಿಲ್ಲ."

"ನಿನ್ನೆ ಸಂಜೆ ಇತ್ತು, ಇವತ್ತು ಬೆಳಿಗ್ಗೆ ಇಲ್ವಾ? ಬಡವನಿಗೆ ಅಂದ್ರೆ ಅರ್ಧ ಗಂಟೇನೂ ಹುಟ್ಟಲ್ಲ ಅನ್ನು."

ಅವನ ಹಿಂದೆಯೇ ಎದುರುಮನೆಯ ಲಲ್ಲಾ ಜ಼ಹೋರ್ ಪದರ ರೊಟ್ಟಿಯ ತಟ್ಟೆ ಹಿಡಿದು ಬಂದಳು, ಮೇಲೆ ಜೇನು ಸುರಿದಿತ್ತು. ಗಂಡಸರಿಗೆ 'ಸಿ' ಹೇಗೋ ಹಾಗೆ ಹೆಂಗಸರಿಗೆ ನಮ್ಮಲ್ಲಿ ಗೌರವಕ್ಕೆ 'ಲಲ್ಲಾ' ಎನ್ನುತ್ತಾರೆ.

"ಅಣ್ಣಾ, ಚಳಿಗಾಲದಲ್ಲಿ ನನ್ನ ಮಗಳು ಕತ್ತಲಲ್ಲಿ ಸ್ಕೂಲಿಗೆ ಹೋಗ್ತಾಳೆ. ಆ ಹೊತ್ತಿನಲ್ಲಿ ಬೀದಿ ಬೆಕ್ಕೂ ಎದ್ದಿರಲ್ಲ. ನೀವು ಜಾಸ್ತಿ ಏನೂ ಮಾಡೋದು ಬೇಡ. ರಂಜಾನಿಗೆ ಹಿಂದಕ್ಕೆ ತಂದ ಗಂಟೇನ ಹಬ್ಬ ಆದ್ಮೇಲೆ ಮುಂದಕ್ಕೆ ತಳ್ಳೋದು ಮರೆತುಬಿಡಿ. ನೀವು ಮರೆತ್ರೆ ಯಾರಿಗೂ ಅನುಮಾನ ಬರಲ್ಲ."

ಬೂಶೈಬ್ ಬಾಯಿ ತೆರೆಯುವಷ್ಟರಲ್ಲಿ ಅವನ ಹೆಂಡತಿ ರುಕಿಯಾ ತಟ್ಟೆ ಒಳಗೆ ಒಯ್ದಾಗಿತ್ತು. ಪ್ರೀತಿಯಿಂದ ತಂದದ್ದನ್ನು ಹಿಂದಕ್ಕೆ ಕಳಿಸುವುದು ಮರ್ಯಾದೆಯಲ್ಲ ಎಂಬುದು ಅವಳ ವಾದ. ಆ ವಾರ ಅವರ ಮನೆಗೆ ಆಲಿವ್ ಬಂತು, ಮೊಟ್ಟೆ ಬಂತು, ನದಿಯ ಮೀನು ಬಂತು. ಬೂಶೈಬ್ "ಅದು ನಾನಲ್ಲ" ಎಂದು ಹೇಳಿದಷ್ಟೂ ಜನ "ಎಷ್ಟು ವಿನಯ ನೋಡಿ" ಎಂದರು.

ಸುದ್ದಿ ಓಣಿಯ ಮುಕದ್ದಮ ಅಲ್ಲಾಲರ ಕಿವಿಗೂ ಬಿತ್ತು. ಮುಕದ್ದಮ ಎಂದರೆ ನಮ್ಮ ಪಾಲಿಗೆ ಸರ್ಕಾರದ ಕಣ್ಣು, ಕಿವಿ, ಒಮ್ಮೊಮ್ಮೆ ಮೂಗು. ಕೋಟಿನ ಗುಂಡಿಯನ್ನೆಲ್ಲ ಹಾಕಿಕೊಂಡು ಬಂದರು, ಎಂದರೆ ಕೆಲಸದ ಮೇಲೆ ಬಂದರು.

"ಬೂಶೈಬ್, ರಾಷ್ಟ್ರದ ಗಂಟೇನ ಖಾಸಗಿ ವ್ಯಕ್ತಿ ಮುಟ್ಟೋ ಹಾಗಿಲ್ಲ."

"ನಾನು ಮುಟ್ಟಿಲ್ಲ ಸಿ ಅಲ್ಲಾಲ್. ಮೇಲಿನವರು ಮುಟ್ತಾರೆ. ಅವರು ಮುಟ್ಟಿದ್ದನ್ನ ನಾನು ನಮ್ಮ ಯಂತ್ರಗಳಿಗೆ ಹೇಳ್ತೀನಿ, ಅಷ್ಟೆ."

"ಅಂದ್ರೆ ಸರ್ಕಾರದ ಆದೇಶ ನಿನ್ನ ಬಾಯಿಂದ ಹೋಗುತ್ತೆ."

"ಬಾಯಿಂದಲ್ಲ, ಕೀಲಿಮಣೆಯಿಂದ."

ಮುಕದ್ದಮರು ಬಹಳ ಹೊತ್ತು ಯೋಚಿಸಿದರು. ತಮಗೆ ಅರ್ಥವಾಗದ ಕೆಲಸ ಮಾಡುವವನು ಒಂದೋ ಅಪರಾಧಿ, ಇಲ್ಲವೇ ಮೇಲಧಿಕಾರಿ ಎಂಬುದು ಅವರ ಅನುಭವ. ಅಪಾಯವಿಲ್ಲದ ದಾರಿ ಹಿಡಿದು ಚಹಾ ಕುಡಿದರು. ಹೊರಡುವಾಗ ಮೇಲಿನ ಗುಂಡಿ ಬಿಚ್ಚಿ, ದನಿ ತಗ್ಗಿಸಿ ಹೇಳಿದರು: "ರಂಜಾನಿಗೆ ನನ್ನ ಹೆಂಡತಿ ತಮ್ಮ ನಮ್ಮನೇಲಿ ಬಂದು ಇರ್ತಾನೆ. ಆ ತಿಂಗಳನ್ನ ಎಲ್ಲಾದ್ರೂ ಸ್ವಲ್ಪ ಚಿಕ್ಕದು ಮಾಡೋಕಾದ್ರೆ ನೋಡು."

ಇಲ್ಲಿಯವರೆಗೆ ಇದೆಲ್ಲ ನಮಗೆ ತಮಾಷೆ. ಅಲ್ಲಿಂದ ಮುಂದೆ ತಮಾಷೆಯಾಗಿ ಉಳಿಯಲಿಲ್ಲ.

ಬೂಶೈಬನಿಗೆ ಒಬ್ಬಳೇ ಮಗಳು, ಇಬ್ತಿಸಾಮ್. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅಪ್ಪ ಮರೆತು ಹೋದ ಕೊಡೆಯನ್ನು ನನ್ನ ಅಂಗಡಿಯಿಂದ ಒಯ್ಯುವವಳು ಅವಳೇ. ಅಲ್ ಜದೀದಾದಲ್ಲಿ ಓದುವಾಗ ಪರಿಚಯವಾದ ಕಾಸಾಬ್ಲಾಂಕಾದ ಹುಡುಗ ಅನ್ವರನನ್ನು ಮೆಚ್ಚಿದ್ದಳು, ಅವನೂ ಮೆಚ್ಚಿದ್ದ. ರಂಜಾನಿಗೆ ಮುಂಚಿನ ಕೊನೆಯ ಭಾನುವಾರ, ಎಂದರೆ ಗಂಟೆ ಹಿಂದಕ್ಕೆ ಹೋಗುವ ದಿನವೇ, ಅವನ ಮನೆಯವರು ಬಸ್ಸಿನಲ್ಲಿ ಬಂದು ಹೆಣ್ಣು ಕೇಳುವುದೆಂದು ಮಾತಾಗಿತ್ತು. ರುಕಿಯಾ ಆ ಮನೆಯವರ ಮುಂದೆ ನಾವೇನು ಕಡಿಮೆ ಎಂದುಕೊಂಡು ಫೋನಿನಲ್ಲಿ ಹುಡುಗನ ತಾಯಿಗೆ ಹೇಳಿದಳು: "ನಮ್ಮ ಯಜಮಾನ್ರದ್ದು ದೊಡ್ಡ ಜವಾಬ್ದಾರಿ. ಇಡೀ ದೇಶದ ಗಂಟೆ ಹಿಂದೆ ಮುಂದೆ ಮಾಡೋರು ಅವರೇ."

ಹುಡುಗನ ತಾಯಿ ಫೋನಿನ ದನಿಯನ್ನು ಮನೆಗೆಲ್ಲ ಕೇಳುವಂತೆ ಇಟ್ಟಿದ್ದಳು. ಆ ಮನೆಯಲ್ಲಿ ಹುಡುಗನ ಅಜ್ಜಿ ಲಲ್ಲಾ ತಾಮೂ ಇದ್ದರು. ಅವರು ತಲೆಯಾಡಿಸದೆ ಅಲ್ಲಿ ಉಪ್ಪಿನಕಾಯಿ ಜಾಡಿಯನ್ನೂ ತೆರೆಯುವುದಿಲ್ಲ. ಗಂಟೆ ಮುಂದಕ್ಕೆ ಹೋದ ಕಾಲದಿಂದ ಅದನ್ನು ಒಪ್ಪದ ಹೆಂಗಸು ಅವರು. ಅವರ ಕೋಣೆಯ ಗಡಿಯಾರ ಹಳೇ ಗಂಟೆಯಲ್ಲೇ ಓಡುತ್ತದೆ. ಊಟ, ನಿದ್ದೆ, ರಕ್ತದೊತ್ತಡದ ಮಾತ್ರೆ ಎಲ್ಲ ಅದರ ಪ್ರಕಾರ.

ಅಜ್ಜಿ ಹೇಳಿ ಕಳಿಸಿದರು: "ಹಾಗಾದ್ರೆ ನನ್ನ ಗಂಟೆ ಕದ್ದೋನು ಅವನೇನಾ? ಅವನ್ನ ನಾನು ಕಣ್ಣಾರೆ ನೋಡಬೇಕು. ಒಂದೇ ಒಂದು ಪ್ರಶ್ನೆ ಕೇಳ್ತೀನಿ. ಉತ್ತರ ಹಿಡಿಸಿದ್ರೆ ಹೆಣ್ಣು ತರ್ತೀವಿ. ಇಲ್ದಿದ್ರೆ ನನ್ನ ತಂಗಿ ಮೊಮ್ಮಗಳು ಇದ್ದೇ ಇದಾಳೆ."

ಇಬ್ತಿಸಾಮ್ ಈ ಮಾತನ್ನು ಅಪ್ಪನಿಗೆ ತಿಳಿಸುವಾಗ ನಾನು ಅಲ್ಲೇ ಇದ್ದೆ, ಅವನು ಬಿಟ್ಟುಹೋದ ಚೀಲ ಕೊಡಲು ಹೋಗಿದ್ದೆ.

"ಬಾಬಾ, ನೀನು ಬೇಕಾದ್ರೆ ಇಡೀ ಪ್ರಪಂಚದ ಗಂಟೆ ತಳ್ಳು, ಬೇಡ ಅನ್ನಲ್ಲ. ನನ್ನದು ಅಂತ ಒಂದು ಭಾನುವಾರ ಇದೆ. ಅದನ್ನ ಮಾತ್ರ ಬಿಟ್ಕೊಡು."

ನಗುತ್ತಲೇ ಹೇಳಿದಳು, ಆದರೆ ಕಣ್ಣು ತುಂಬಿತ್ತು. ಬೂಶೈಬ್ ಅವಳ ಮುಖ ನೋಡಲಾರದೆ ಚೀಲದೊಳಗೆ ನೋಡಿದ. ನನಗೂ ಸಂಕಟವಾಯಿತು. ಕೆಫೆಯಲ್ಲಿ ನಕ್ಕವರಲ್ಲಿ ನಾನೂ ಒಬ್ಬನಲ್ಲವೇ.

ಅಜ್ಜಿಯ ಪ್ರಶ್ನೆ ಏನಿರಬಹುದು ಎಂದು ನನ್ನ ಅಂಗಡಿಯ ಮುಂದೆ ಸಭೆ ಸೇರಿತು. ಮುಕದ್ದಮರು, "ಏನೇ ಕೇಳಲಿ, ಸರ್ಕಾರಿ ಆದೇಶ ಅಂತ ಒಂದೇ ಮಾತು ಹೇಳು" ಎಂದರು. ಸಿ ಲಾರ್ಬಿ ಮೇಷ್ಟ್ರು ಕಿತ್ತಳೆ ಹಣ್ಣೊಂದನ್ನು ಭೂಮಿ ಮಾಡಿ, ನಿಂಬೆಹಣ್ಣನ್ನು ಸೂರ್ಯ ಮಾಡಿ, ರೇಖಾಂಶ ವಿವರಿಸಿದರು. ಕಿತ್ತಳೆ ಉರುಳಿ ಚರಂಡಿಗೆ ಬಿತ್ತು. "ಪ್ರಶ್ನೆ ಕೇಳೋಕೆ ಮುಂಚೇನೇ ನಿಮ್ಮ ಮಾತೇ ಸರಿ ಅಂದ್ಬಿಡಿ" ಎಂದಳು ರುಕಿಯಾ. ದರ್ಜಿ ಅಬ್ಬಾಸ್, "ಜೋರಾಗಿ ಕೆಮ್ಮು ಬಂದ ಹಾಗೆ ಮಾಡು, ಅಷ್ಟರಲ್ಲಿ ಊಟ ಬಡಿಸ್ತಾರೆ" ಎಂದ. ಬೂಶೈಬ್ ಎಲ್ಲದಕ್ಕೂ ತಲೆಯಾಡಿಸಿದ.

ಈ ನಾಲ್ಕೂ ಉತ್ತರಗಳನ್ನು ತಲೆಯಲ್ಲಿ ತುಂಬಿಕೊಂಡು ಅವನು ಶನಿವಾರ ಕಚೇರಿಗೆ ಹೋದ. ರಂಜಾನಿನ ಗಂಟೆಯನ್ನು ಎರಡೂ ಯಂತ್ರಗಳಿಗೆ ತಿಳಿಸಬೇಕಿದ್ದ ದಿನ ಅದು. ಹೊಸ ಯಂತ್ರಕ್ಕೆ ಇದ್ದಂತೆಯೇ ಹೇಳಿದರಾಯಿತು. ಹಳೆಯ ಬೋರ್ಡಿಗೆ ಅದೇ ಸಂಗತಿಯನ್ನು ಮಗುಚಿ ಹೇಳಬೇಕು. ಅದು ಹೇಗೆಂದು ಅವನ ಬಾಯಲ್ಲೇ ಕೇಳುವಿರಂತೆ. ದಾರಿಯುದ್ದಕ್ಕೂ 'ನಿಮ್ಮ ಮಾತೇ ಸರಿ ಲಲ್ಲಾ, ಇದು ಸರ್ಕಾರಿ ಆದೇಶ ಲಲ್ಲಾ' ಎಂದು ಬಾಯಿಪಾಠ ಮಾಡುತ್ತ ಹೋಗಿ, ಕೆಲಸ ಮುಗಿಸಿ, ಅದನ್ನೇ ಗುಣಗುಣಿಸುತ್ತ ವಾಪಸ್ ಬಂದ. ಅವನನ್ನು ನೋಡಿದರೆ ಪರೀಕ್ಷೆಗೆ ಹೊರಟ ಹುಡುಗನ ಹಾಗಿದ್ದ.

ಭಾನುವಾರ ನಾನು ಅಂಗಡಿ ತೆರೆದು ಕೂತಿದ್ದೆ. ಕಾಸಾಬ್ಲಾಂಕಾದಿಂದ, ನಮ್ಮ ಬಾಯಲ್ಲಿ ಕಾಸಾದಿಂದ, ಹತ್ತು ಗಂಟೆಗೆ ಹೊರಟ ಬಸ್ಸು ಕೋಟೆ ಬಾಗಿಲ ಹತ್ತಿರ ನಿಂತಿತು. ಹುಡುಗನ ಕಡೆಯವರು ಹಿಂಡಾಗಿ ಇಳಿಯುತ್ತಾರೆ ಎಂದು ಕತ್ತು ಚಾಚಿ ನೋಡಿದೆ. ಇಳಿದದ್ದು ಒಬ್ಬಳೇ ಮುದುಕಿ. ಕಾಲು ಮುಟ್ಟುವ ಬಿಳಿ ನಿಲುವಂಗಿ ಜಲ್ಲಾಬಾ, ಕೈಯಲ್ಲಿ ಬುಟ್ಟಿ, ಬುಟ್ಟಿಯಿಂದ ನೀಲಿ ಕಾಗದ ಸುತ್ತಿದ ಸಕ್ಕರೆ ಅಚ್ಚಿನ ಚೂಪು ತುದಿ ಹೊರಗೆ ಇಣುಕುತ್ತಿತ್ತು. ಹೆಣ್ಣು ಕೇಳಲು ಹೋಗುವವರು ಒಯ್ಯುವ ಸಕ್ಕರೆ ಅದು.

ನೇರವಾಗಿ ನನ್ನ ಹತ್ತಿರ ಬಂದರು.

"ಗಂಟೆ ಕದಿಯೋನ ಮನೆ ಎಲ್ಲಪ್ಪ?"

ಕೈಲಿದ್ದ ತಕ್ಕಡಿ ಕೆಳಗಿಟ್ಟೆ. "ತೋರಿಸ್ತೀನಿ ಬನ್ನಿ ಲಲ್ಲಾ. ಉಳಿದವರು?"

"ಕಾಫಿ ಕುಡೀತಿದಾರೆ."

"ಎಲ್ಲಿ?"

"ಕಾಸಾದಲ್ಲಿ."

ಬುಟ್ಟಿ ಎತ್ತಿಕೊಂಡು ಜೊತೆಗೆ ನಡೆದೆ. ದಾರಿಯಲ್ಲಿ ಅಜ್ಜಿ ತಣ್ಣಗೆ ವಿವರಿಸಿದರು. ಮನೆಯವರೆಲ್ಲ ಹೊತ್ತಿಗೆ ಮುಂಚೆಯೇ ನಿಲ್ದಾಣ ತಲುಪಿದ್ದರು. ಅವರ ಮಗ, ಎಂದರೆ ಹುಡುಗನ ಅಪ್ಪ, ಸಿ ಜಿಲಾಲಿ ಗೋಡೆಯ ಬೋರ್ಡು ನೋಡಿ, ಇನ್ನೂ ಬೇಕಾದಷ್ಟು ಹೊತ್ತಿದೆ ಎಂದ. ಸೊಸೆ ಫೋನು ನೋಡಿ, ಇದು ಒಂದು ಗಂಟೆ ಹೆಚ್ಚು ತೋರಿಸುತ್ತಿದೆ ಎಂದಳು. ಫೋನು ರಾತ್ರಿಯೇ ತಾನಾಗಿ ಬದಲಾಗಿತ್ತು. ಅದು ಅವರಿಗೆ ತಿಳಿಯದು. "ಫೋನು ಇನ್ನೂ ಬದಲಾಗಿಲ್ಲ, ಒಂದು ಕಳೆದು ನೋಡು, ಬೋರ್ಡಿಗೆ ಸರಿಹೋಗುತ್ತೆ" ಎಂದ ಜಿಲಾಲಿ. ಕಳೆದು ನೋಡಿದರೆ ಸರಿಯಾಗಿಯೇ ಹೋಯಿತು. ಎರಡು ಸಾಕ್ಷಿ ಒಂದೇ ಮಾತು ಹೇಳಿದ ಮೇಲೆ ಇನ್ನೇನು, ಎಲ್ಲರೂ ಎದುರಿನ ಕೆಫೆಗೆ ಹೊರಟರು.

"ನನ್ನ ಹತ್ರ ಇದಿತ್ತು," ಎಂದು ಅಜ್ಜಿ ಜಲ್ಲಾಬಾದ ಒಳಗಿನಿಂದ ಕರವಸ್ತ್ರ ಸುತ್ತಿದ ಪುಟ್ಟ ಮೇಜಿನ ಗಡಿಯಾರ ತೆಗೆದರು. "ಇವತ್ತು ದೇಶಾನೇ ನನ್ನ ಗಂಟೆಗೆ ಬಂದಿರೋ ದಿನ, ಬಸ್ ಹೊರಡುತ್ತೆ, ಹತ್ತಿ ಅಂದೆ. ಅಜ್ಜಿ ಗಡಿಯಾರ ತಪ್ಪು ಅಂತ ನಕ್ಕರು. ನಾನೊಬ್ಬಳೇ ಹತ್ತಿ ಕೂತೆ. ಬಸ್ ಹೊರಡ್ತು. ಕಿಟಕೀಲಿ ಕೈ ಬೀಸಿದೆ. ಅವರೂ ಬೀಸಿದ್ರು, ಬಸ್ ಸುಮ್ಮನೆ ಜಾಗ ಬದಲಿಸ್ತಿದೆ ಅಂದ್ಕೊಂಡಿರಬೇಕು."

ನಾವು ಬಾಗಿಲು ತಟ್ಟಿದಾಗ ಒಳಗೆ ಇಬ್ತಿಸಾಮಳ ಫೋನಿನಲ್ಲಿ ಅನ್ವರ್ ಕೂಗುತ್ತಿದ್ದ: "ಅಜ್ಜಿ ಕಾಣ್ತಿಲ್ಲ! ಬಸ್ಸೂ ಕಾಣ್ತಿಲ್ಲ!" ಬಾಗಿಲು ತೆರೆದ ಇಬ್ತಿಸಾಮ್ ಅಜ್ಜಿಯನ್ನು ನೋಡಿ, "ಎರಡೂ ಇಲ್ಲಿವೆ, ಬೇಗ ಬಾ" ಎಂದು ಫೋನಿಟ್ಟಳು. ರುಕಿಯಾ ಅಡುಗೆಮನೆಯಿಂದ ತಲೆಗೆ ಟವೆಲ್ ಸುತ್ತಿಕೊಂಡೇ ಓಡಿ ಬಂದಳು. ಬೂಶೈಬ್ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಖರ್ಜೂರದ ತಟ್ಟೆ ಹಿಡಿದು ಬಂದ, ಅತಿಥಿಗಳಿಗೆ ಅದರ ಜೊತೆ ಕೊಡಬೇಕಾದ ಹಾಲು ತರುವುದನ್ನು ಮರೆತಿದ್ದ. ಗಂಡಸರ ಸಾಲು ತುಂಬಿಸಲು ಕರೆದಿದ್ದ ಮುಕದ್ದಮರೂ ಮೇಷ್ಟ್ರೂ ಗೋಡೆಗೆ ಒರಗಿ ಕೂತಿದ್ದವರು ನೆಟ್ಟಗಾದರು.

ಲಲ್ಲಾ ತಾಮೂ ಮಣೆಯ ಮೇಲೆ ಗಡಿಯಾರ ಇಟ್ಟು, ಬೂಶೈಬನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಚಪ್ಪಲಿಯ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನೋಡಿದರು.

"ನೀನೇನಾ?"

"ನಾನೇ ಲಲ್ಲಾ... ಅಂದ್ರೆ ನಾನಲ್ಲ... ಒಂಥರಾ ನಾನೇ."

"ಒಂದೇ ಪ್ರಶ್ನೆ. ವರ್ಷದಲ್ಲಿ ಹನ್ನೊಂದು ತಿಂಗಳು ಈ ಗಡಿಯಾರ ತಪ್ಪು ಅಂತಾರೆ ನಮ್ಮನೇಲಿ. ನೀನು ಗಂಟೆ ಕೆಲಸದೋನು. ಹೇಳು, ಇದು ತಪ್ಪಾ?"

ಮುಕದ್ದಮರು ಆಕಾಶದ ಕಡೆ ಬೆರಳು ತೋರಿಸಿ ಸರ್ಕಾರವನ್ನು ನೆನಪಿಸಿದರು. ರುಕಿಯಾ ತುಟಿಯಲ್ಲೇ 'ಸರಿ ಅನ್ನಿ, ಸರಿ ಅನ್ನಿ' ಎಂದಳು. ಮೇಷ್ಟ್ರು ತಟ್ಟೆಯಿಂದ ದುಂಡಗಿನದೊಂದು ಖರ್ಜೂರ ಹುಡುಕತೊಡಗಿದರು. ಬೂಶೈಬ್ ಬಾಯಿ ತೆರೆದ, ಆಗ ಅವನ ಫೋನು ಬಡಿದುಕೊಂಡಿತು. ಗಾಬರಿಯಲ್ಲಿ ಯಾವುದನ್ನೋ ಒತ್ತಿದ. ಕಂಪನಿಯ ಮ್ಯಾನೇಜರರ ದನಿ ಕೋಣೆ ತುಂಬ ಮೊಳಗಿತು.

"ಬೂಶೈಬ್! ಕಾಸಾ ಬೋರ್ಡು ಒಂದು ಗಂಟೆ ಹಿಂದಿದೆ! ಬಸ್ ತಪ್ಪಿಸ್ಕೊಂಡೋರೆಲ್ಲ ನನ್ನ ಮೇಜಿನ ಸುತ್ತ ನಿಂತಿದಾರೆ! ಏನಯ್ಯಾ ಮಾಡಿಟ್ಟಿದೀಯ?"

ಬೂಶೈಬನ ಮುಖ ಬಿಳಿಚಿತು. "ಅಯ್ಯಯ್ಯೋ, ಎರಡು ಸಲ ಮಗುಚಿಬಿಟ್ಟೆ."

"ಏನು ಮಗುಚಿದೆ? ರೊಟ್ಟೀನಾ?" ಎಂದರು ಅಜ್ಜಿ.

"ಗಂಟೆ, ಲಲ್ಲಾ."

"ನನ್ನ ಪ್ರಶ್ನೆಗೆ ಉತ್ತರ ಕೊಟ್ಟು ಆಮೇಲೆ ಬೇಕಾದ್ದು ಮಗುಚು. ತಪ್ಪಾ, ಸರೀನಾ?"

ಬಾಯಿಪಾಠ ಮಾಡಿದ ನಾಲ್ಕು ಉತ್ತರಗಳಲ್ಲಿ ಒಂದೂ ಅವನಿಗೆ ನೆನಪಾಗಲಿಲ್ಲ. ಆದ್ದರಿಂದ ಇದ್ದದ್ದನ್ನೇ ಹೇಳಿದ.

"ಒಂದು ಯಂತ್ರದಲ್ಲಿ ತಪ್ಪು ಲಲ್ಲಾ. ಇನ್ನೊಂದರಲ್ಲಿ ಸರಿ."

ರುಕಿಯಾ ಹಣೆ ಚಚ್ಚಿಕೊಂಡಳು. "ಅಡ್ಡಗೋಡೆ ಮೇಲೆ ದೀಪ ಇಡಬೇಡ," ಎಂದರು ಅಜ್ಜಿ.

"ಇಡ್ತಿಲ್ಲ ಲಲ್ಲಾ. ಕೇಳಿ. ನನ್ನ ಹತ್ರ ಎರಡು ಯಂತ್ರ ಇವೆ. ಹೊಸದಕ್ಕೆ ಹೀಗೆ ಹೇಳ್ತೀನಿ: ಅಸಲು ಗಂಟೆ ಅಂದ್ರೆ ಹೊಸ ಗಂಟೆ, ರಂಜಾನಿನಲ್ಲಿ ಮಾತ್ರ ಒಂದು ಕಳಿ. ಅದು ಹೂಂ ಅನ್ನುತ್ತೆ. ಹಳೇ ಯಂತ್ರ ಇದೆಯಲ್ಲ, ಅದಕ್ಕೆ ಕಳೆಯೋದು ಬರಲ್ಲ. ವಯಸ್ಸಾಗಿದೆ. ಅದು ಬಂದ ಕಾಲದಲ್ಲಿ ಗಂಟೆಗೆ ಕೂಡಿಸೋರಿದ್ರೇ ಹೊರತು ಕಳೆಯೋರು ಇರಲಿಲ್ಲ. ಕಳಿ ಅಂದ್ರೆ ಮುನಿಸ್ಕೊಂಡು ಕಪ್ಪಗೆ ಕೂತ್ಬಿಡುತ್ತೆ. ಅದಕ್ಕೇ ನಾನು ಅದರ ಹತ್ರ ಮಗುಚಿ ಹೇಳ್ತೀನಿ. ಅಸಲು ಗಂಟೆ ಹಳೇದೇ ಕಣಪ್ಪ. ಹನ್ನೊಂದು ತಿಂಗಳು ಅದಕ್ಕೆ ಒಂದು ಕೂಡಿಸ್ಕೋ. ರಂಜಾನಿನಲ್ಲಿ ಏನೂ ಮಾಡಬೇಡ, ನಿನ್ನ ಪಾಡಿಗೆ ನೀನಿರು. ಅಷ್ಟು ಹೇಳಿದ್ರೆ ಅದೂ ಹೂಂ ಅನ್ನುತ್ತೆ. ಎರಡರಲ್ಲೂ ಜನಕ್ಕೆ ಕಾಣೋ ಗಂಟೆ ಒಂದೇ ಲಲ್ಲಾ. ಹೇಳೋ ರೀತಿ ಬೇರೆ."

ಅಜ್ಜಿ ಗಡಿಯಾರವನ್ನು ತಮ್ಮ ಕಡೆ ತಿರುಗಿಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು: "ಅಂದ್ರೆ, ನನ್ನ ಗಂಟೇನೇ ಅಸಲು ಅಂತ ಒಪ್ಕೊಂಡಿರೋ ಒಂದು ಯಂತ್ರ ಈ ದೇಶದಲ್ಲಿದೆ."

"ಇದೆ ಲಲ್ಲಾ."

"ಎಲ್ಲಿದೆ?"

"ಕಾಸಾ ನಿಲ್ದಾಣದಲ್ಲಿ. ಇವತ್ತು ನಿಮ್ಮ ಮನೆಯವರಿಗೆ ಬಸ್ ತಪ್ಪಿಸ್ತಲ್ಲ, ಅದೇ."

ಮೇಷ್ಟ್ರು ಖರ್ಜೂರವನ್ನು ಹಾಗೇ ಹಿಡಿದು ಕೂತರು.

"ಅದರದ್ದು ತಪ್ಪಿಲ್ಲ," ಎಂದ ಬೂಶೈಬ್ ಅವಸರವಾಗಿ. "ತಪ್ಪು ನನ್ನದು. ಗಂಟೆ ಯಾವಾಗ ಎಷ್ಟು ಬದಲಾಗುತ್ತೆ ಅಂತ ಈ ಸಲ ಹೊರಗಿಂದ ನಮಗೆ ಬಂದ ಲೆಕ್ಕಾನ ಯಾರೋ ಪುಣ್ಯಾತ್ಮ ಹಳೇ ಯಂತ್ರಗಳಿಗೆ ಅಂತ ಆಗಲೇ ಮಗುಚಿ ಕಳಿಸಿದ್ದ. ಅದರಲ್ಲಿ ಒಂದು ಗಂಟೆ ಆಗಲೇ ಇಳಿಸಿಯಾಗಿತ್ತು. ನಾನು ನೋಡ್ಲೇ ಇಲ್ಲ, ಇನ್ನೊಂದು ಇಳಿಸಿದೆ. ನೀವು ಏನು ಕೇಳ್ತೀರೋ ಅನ್ನೋ ಭಯದಲ್ಲಿ ಇಳಿಸಿದೆ. ಈ ಹುಡುಗಿ ವಿಷಯ ಹಾಳಾಗುತ್ತೇನೋ ಅಂತ... ನಾನು ದೇಶದ ಗಂಟೆ ತಳ್ಳೋನಲ್ಲ ಲಲ್ಲಾ. ಒಂದು ಬಸ್ ಕಂಪನಿ ಬೋರ್ಡನ್ನೇ ನೆಟ್ಟಗೆ ತಳ್ಳೋಕೆ ಬರಲಿಲ್ಲ ನನಗೆ."

"ಹಲೋ?" ಎಂದಿತು ಫೋನು. "ಯಾರ ಹತ್ರ ಹೇಳ್ತಿದೀಯ ಇದನ್ನೆಲ್ಲ?"

ಅಜ್ಜಿ ಆ ಕಡೆ ಗಮನ ಕೊಡಲಿಲ್ಲ. ಗಡಿಯಾರವನ್ನು ಕರವಸ್ತ್ರದಿಂದ ಒರೆಸುತ್ತ ಹೇಳಿದರು: "ಬೇಸಿಗೆಗೆ ಅಂತ ನನ್ನ ಗಂಟೇನ ತಗೊಂಡು ಹೋಗಿದ್ರು. ಚಳಿಗಾಲಕ್ಕೆ ವಾಪಸ್ ತರ್ತೀವಿ ಅಂದಿದ್ರು. ತರೋಕೆ ಎರಡೇ ದಿನ ಇರೋವಾಗ, ಇನ್ಮೇಲೆ ಇದೇ ಅಂದ್ಬಿಟ್ರು. ಆವತ್ತಿಂದ ನಮ್ಮನೇಲಿ ನಾನು ತಪ್ಪು. ಊಟಕ್ಕೆ ಕೂತ್ರೆ ತಪ್ಪು ಹೊತ್ತು, ಮಲಗಿದ್ರೆ ತಪ್ಪು ಹೊತ್ತು. ಮಗ ತಪ್ಪು ಅಂತಾನೆ, ಸೊಸೆ ತಪ್ಪು ಅಂತಾಳೆ, ಮೊಮ್ಮಕ್ಕಳು ನಗ್ತಾವೆ. ಅಜ್ಜಿ ಸರಿ, ನಾವು ಅದಕ್ಕೆ ಒಂದು ಕೂಡಿಸ್ಕೊಳ್ಳೋಣ ಅಂತ ಒಬ್ಬರಿಗೂ ಹೊಳೀಲಿಲ್ಲ. ನೀನೊಂದು ಯಂತ್ರಕ್ಕೆ ಅಷ್ಟು ಮರ್ಯಾದೆ ಕೊಟ್ಟಿದೀಯ."

ಮುಕದ್ದಮರು ಕೋಟಿನ ಗುಂಡಿ ಬಿಚ್ಚಿಕೊಂಡು ನೆಲ ನೋಡಿದರು. ನನ್ನ ತಾಯಿ ಬದುಕಿದ್ದಾಗ ಹಳೇ ನಾಣ್ಯದ ಹೆಸರಿನಲ್ಲೇ ಬೆಲೆ ಹೇಳುತ್ತಿದ್ದಳು. ಗಿರಾಕಿಗಳ ಎದುರು ನಾನು ಅವಳನ್ನು ತಿದ್ದುತ್ತಿದ್ದದ್ದು ಯಾಕೋ ಆಗ ನೆನಪಾಯಿತು.

"ಉತ್ತರ ಹಿಡಿಸ್ತಾ ಲಲ್ಲಾ?" ಎಂದು ಕೇಳಿದವಳು ಇಬ್ತಿಸಾಮ್. ಹಾಲಿನ ಬಟ್ಟಲು ಹಿಡಿದು ಅಜ್ಜಿಯ ಮುಂದೆ ಮಂಡಿಯೂರಿದ್ದಳು.

ಅಜ್ಜಿ ಹಾಲು ಕುಡಿದು, ಖರ್ಜೂರವೊಂದನ್ನು ಬಿಡಿಸಿ ಬೀಜ ತೆಗೆದು ಅರ್ಧವನ್ನು ಅವಳ ಬಾಯಿಗಿಟ್ಟರು. "ನಿಮ್ಮಪ್ಪನಿಗೆ ಸುಳ್ಳು ಹೇಳೋಕೆ ಬರಲ್ಲ, ಜಂಬ ಕೊಚ್ಚೋಕೂ ಬರಲ್ಲ. ಇಂಥ ಮನೆ ಹೆಣ್ಣು ನಮಗೆ ಬೇಕು. ಗಂಡಸರು ಬರಲಿ, ಫಾತಿಹಾ ಓದಿ ಸಂಬಂಧ ಗಟ್ಟಿ ಮಾಡೋಣ." ಆಮೇಲೆ ಬೂಶೈಬನ ಕಡೆ ತಿರುಗಿದರು. "ನೀನೇನು ನೋಡ್ತಾ ನಿಂತಿದೀಯ? ಮೊದಲು ಹೋಗಿ ಆ ಯಂತ್ರಕ್ಕೆ ಸರಿಯಾಗಿ ಹೇಳು. ಪಾಪ, ವಯಸ್ಸಾಗಿದೆ, ಅಲ್ಲಿ ಎಲ್ಲರೂ ಅದನ್ನ ಬೈತಿರ್ತಾರೆ."

ಬೂಶೈಬ್ ಒಳಗೆ ಹೋಗಿ ಕಚೇರಿಯವರು ಕೊಟ್ಟಿದ್ದ ಕಂಪ್ಯೂಟರ್ ತೆರೆದು ಕೂತ. ಬಾಗಿಲ ಸಂದಿಯಲ್ಲಿ ಅವನ ಬೆನ್ನು ಕಾಣುತ್ತಿತ್ತು. ಕೆಲಸ ಮಾಡುತ್ತ ಏನೋ ಗೊಣಗುತ್ತಿದ್ದ. ಕಿವಿಗೊಟ್ಟು ಕೇಳಿದೆ: "ಕೋಪ ಮಾಡ್ಕೋಬೇಡಪ್ಪ, ನಿನ್ನ ಗಂಟೇನೇ ಅಸಲು..." ಸ್ವಲ್ಪ ಹೊತ್ತಿಗೆ ಮ್ಯಾನೇಜರರ ದನಿಯೂ ತಣ್ಣಗಾಯಿತು. ರುಕಿಯಾ ತಲೆಯ ಟವೆಲ್ ಬಿಚ್ಚಿ, ಅಜ್ಜಿಯ ಕೈಗೆ ಎರಡನೇ ಲೋಟ ಚಹಾ ಕೊಟ್ಟಳು.

ಹೊಟ್ಟೆ ತಾಳ ಹಾಕುವ ಹೊತ್ತಿಗೆ ಎರಡು ಟ್ಯಾಕ್ಸಿಗಳು ಬಂದು ನಿಂತವು. ಸಿ ಜಿಲಾಲಿ, ಅವನ ಹೆಂಡತಿ, ಅನ್ವರ್, ಅತ್ತೆ, ಚಿಕ್ಕಪ್ಪ ಎಲ್ಲರೂ ಒಬ್ಬರ ಮೇಲೊಬ್ಬರು ಬೀಳುತ್ತ ಒಳಗೆ ಬಂದರು, ಬೆವರುತ್ತ, ಒಬ್ಬರನ್ನೊಬ್ಬರು ದೂರುತ್ತ. ಜಿಲಾಲಿ ತಾಯಿಯ ಕೈ ಹಿಡಿದು ಮುತ್ತಿಟ್ಟ. "ಅಮ್ಮಾ, ಜೀವ ಬಾಯಿಗೆ ಬಂದಿತ್ತು. ತಡ ಆಯ್ತು. ತಪ್ಪಾಯ್ತು."

ಮುಕದ್ದಮರು ಮತ್ತೆ ಗುಂಡಿ ಹಾಕಿಕೊಂಡು ಗಂಟಲು ಸರಿಮಾಡಿಕೊಂಡರು. "ಹೆಣ್ಣು ಕೇಳೋಕೆ ಬರೋ ದಿನಾನೂ ಇಷ್ಟು ತಡವಾಗಿ ಬಂದ್ರೆ ಹೇಗ್ರೀ? ಒಂದು ಗಂಟೆಯಿಂದ ಕಾಯ್ತಿದೀವಿ. ಮರ್ಯಾದಸ್ಥರ ಮನೆ ಇದು."

ಜಿಲಾಲಿಯ ಮುಖ ಸಣ್ಣಗಾಯಿತು. ಲಲ್ಲಾ ತಾಮೂ ಮುಕದ್ದಮರ ಕಡೆ ಕೈಯೆತ್ತಿದರು.

"ನನ್ನ ಮಗನ್ನ ಬೈಬೇಡಿ. ಅವನು ಸರಿಯಾದ ಹೊತ್ತಿಗೇ ಬಂದಿದಾನೆ. ಅವನ ಗಂಟೆಗೆ ನೀವು ಒಂದು ಕೂಡಿಸ್ಕೊಳಿ, ಅಷ್ಟೆ," ಎಂದು ಸರಿದು ಕೂತು, ಮಗನಿಗೆ ತಮ್ಮ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.